ಕಾದಂಬರಿಗೂ ಒಂದು ಮಂಗಳ ಬೇಕು

ಅಂಬತ್ತೂರು, ಕೊರಟ್ಟೂರು, ಪಾಡಿ, ಆವಡಿ ಕಡೆಯ ಕನ್ನಡ ಓದುಗರಿಗೆ ಒಂದು ಬಹಿರಂಗ ಪತ್ರ



ಎರಡು ತಿಂಗಳ ಹಿಂದಿನ ಆ ಭಾನುವಾರ ಸಂಜೆ ನಿಮಗೂ ನೆನಪಿರಬೇಕು. ಅಂಬತ್ತೂರು ಓ.ಟಿ. ಹತ್ತಿರದ ತಾರಸಿಯ ಮೇಲೆ ಚಾಪೆ ಹಾಸಿಕೊಂಡು ನಮ್ಮ ಓದುಗರ ಕೂಟದ ಹದಿನಾಲ್ಕು ಜನ ಕೂತಿದ್ದೆವು. 2025ರ ಸೆಪ್ಟೆಂಬರ್ 24ರಂದು ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ತೀರಿಕೊಂಡ ಮೇಲೆ ನಮ್ಮಲ್ಲಿ ಹಲವರು ಅವರ ಪುಸ್ತಕಗಳನ್ನು ಮತ್ತೆ ಅಟ್ಟದಿಂದ ಇಳಿಸಿದ್ದೆವು. ಕೈಗಾರಿಕಾ ಎಸ್ಟೇಟಿನ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವ, ಪಟ್ಟರವಾಕ್ಕಂ ಕಡೆ ಪಿ.ಜಿ.ಯಲ್ಲಿರುವ ನಮ್ಮ ಹುಡುಗಿ ಭೈರಪ್ಪನವರ ‘ಗೃಹಭಂಗ’ವನ್ನು ಮೊದಲ ಸಲ ಓದಿ ಮುಗಿಸಿ ಬಂದಿದ್ದಳು. ಅವಳ ಸರದಿ ಬಂದಾಗ ಕಥನತಂತ್ರ, ಭಾಷೆ, ಕಾಲ ಯಾವುದರ ಮಾತನ್ನೂ ಎತ್ತಲಿಲ್ಲ. ‘ನಂಜಮ್ಮ ಹೋದ್ಮೇಲೆ ಮೂರು ದಿನದಿಂದ ಊಟ ಸೇರ್ತಿಲ್ಲ ಆಂಟಿ. ಟ್ರೈನಲ್ಲಿ ಕೂತ್ರೆ ಸುಮ್‌ಸುಮ್ನೆ ಕಣ್ಣಲ್ಲಿ ನೀರು ಬರುತ್ತೆ. ಏನು ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ’ ಅಂದಳು.

ನಮ್ಮಲ್ಲೊಬ್ಬರು, ‘ಅಯ್ಯೋ, ಕಥೆ ತಾನೇ? ಅಷ್ಟಕ್ಕೆಲ್ಲ ಅಳ್ತಾರಾ?’ ಎಂದರು. ನಾಲ್ಕೈದು ಜನ ನಕ್ಕರು. ನಾನು ನಗಲಿಲ್ಲ, ಬಾಯನ್ನೂ ಬಿಡಲಿಲ್ಲ. ಮಜ್ಜಿಗೆಯ ಲೋಟವನ್ನು ಅವಳ ಕಡೆ ಸರಿಸಿ ಸುಮ್ಮನಾದೆ. ಆಮೇಲೆ ಅವಳು ಕೂಟಕ್ಕೆ ಬಂದಿಲ್ಲ.

ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಹುಡುಗಿ ನಮ್ಮನ್ನು ಕೇಳಿದ್ದು ಏನು ಮಾಡಬೇಕು ಎಂದು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಮೂವತ್ತೆಂಟು ವರ್ಷದ ಹಿಂದೆ, ಇದೇ ಅಂಬತ್ತೂರಿನಲ್ಲಿ, ಇದೇ ನಂಜಮ್ಮ ತೀರಿಕೊಂಡಾಗ, ಆ ಉತ್ತರವನ್ನು ನಾನು ತಲೆಯ ಮೇಲೆ ಹೊಯ್ಯಿಸಿಕೊಂಡಿದ್ದೆ. ಅದನ್ನು ಹೇಳದೆ ಕೂತದ್ದು ನನ್ನ ತಪ್ಪು. ಅದಕ್ಕಾಗಿ ಈ ಪತ್ರ.

ನಾನು ಅರಸೀಕೆರೆ ಕಡೆಯವಳು. 1986ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ನಮ್ಮ ಮಾವನವರು 1964ರಲ್ಲಿ ಅಂಬತ್ತೂರು ಕೈಗಾರಿಕಾ ಎಸ್ಟೇಟ್ ಶುರುವಾದ ಹೊಸದರಲ್ಲಿ ಲೇಥ್ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಯಾದವರು. ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಕನ್ನಡವನ್ನು ತಮಿಳಿನ ರಾಗದಲ್ಲಿ ಆಡುತ್ತಿದ್ದರು. ನನಗೆ ಇಲ್ಲಿ ಮಾತಾಡಲು ಯಾರೂ ಇರಲಿಲ್ಲ. ತವರಿನಿಂದ ತಂದ ಐದಾರು ಪುಸ್ತಕ ಇದ್ದವು, ಅಷ್ಟೆ. 1987ರ ಬೇಸಿಗೆಯಲ್ಲಿ, ಮಧ್ಯಾಹ್ನದ ಹೊತ್ತು, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ‘ಗೃಹಭಂಗ’ದ ಆ ಪುಟಗಳನ್ನು ಓದಿದೆ. ಶಾನುಭೋಗಿಕೆ ಗಂಡನದು, ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆದವಳು. ನಮ್ಮ ಕಡೆ ಅಂಥ ಹೆಂಗಸರು ಬೀದಿಗೊಬ್ಬರಿದ್ದರು. ನನ್ನ ಅಜ್ಜಿಯ ಬೆರಳ ತುದಿಯಲ್ಲಿ ಎಲೆಕಡ್ಡಿ ಚುಚ್ಚಿದ ಗುರುತು ಕೊನೆಯವರೆಗೂ ಮಾಸಿರಲಿಲ್ಲ. ಪ್ಲೇಗು ಮೊದಲು ನಂಜಮ್ಮನ ಬೆಳೆದ ಮಕ್ಕಳನ್ನು ಕೊಂಡೊಯ್ದು, ಆಮೇಲೆ ಆಕೆಯನ್ನೂ ಕೊಂಡೊಯ್ದಾಗ ನಾನು ಪುಸ್ತಕ ಮುಚ್ಚಿ, ಸೆರಗು ಬಾಯಿಗೆ ಹಿಡಿದು, ಬಿಕ್ಕಿ ಬಿಕ್ಕಿ ಅತ್ತೆ.

ಅತ್ತೆ ನಡುಮನೆಯಿಂದ ಎದ್ದು ಬಂದರು. ‘ಯಾರ್ಗೆ ಏನಾಯ್ತೇ?’

‘ನಂಜಮ್ಮ ಹೋಗ್ಬಿಟ್ರು.’

‘ಯಾವ ನಂಜಮ್ಮ? ನಿಮ್ಮೂರೋಳಾ?’

‘ಇಲ್ಲ ಅತ್ತೆ, ಪುಸ್ತಕದಲ್ಲಿ.’

ಬೈಗುಳ ಬೀಳುತ್ತದೆ ಎಂದುಕೊಂಡೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ‘ಏನಾಗಿತ್ತು?’ ಎಂದು ಕೇಳಿದರು. ‘ಪ್ಲೇಗು’ ಎಂದೆ. ಆ ಮಾತಿಗೆ ಅವರ ಮುಖ ಬದಲಾಯಿತು. ಅವರ ಕಾಲದವರಿಗೆ ಅದು ಪುಸ್ತಕದ ಮಾತಾಗಿರಲಿಲ್ಲ. ‘ಏಳು. ಸಾವು ಕೇಳ್ದೋಳು ತಲೆಗೆ ನೀರು ಹಾಕ್ಕೊಳ್ದೆ ಒಲೆ ಮುಟ್ಬಾರ್ದು’ ಎಂದು ಬಚ್ಚಲಿಗೆ ಕಳಿಸಿದರು.

ಆ ಬೇಸಿಗೆ ಮದರಾಸಿನಲ್ಲಿ ನೀರಿಗೆ ಎಂಥ ಹಾಹಾಕಾರವಿತ್ತೆಂದು ಆಗ ಇದ್ದವರಿಗೆ ಗೊತ್ತು. ಲಾರಿ ಬಂದರೆ ಕೊಡಗಳ ಸಾಲು. ಮನೆಗೆ ದಿನಕ್ಕೆ ಸಿಗುತ್ತಿದ್ದದ್ದು ಐದಾರು ಕೊಡ. ಅದರಲ್ಲಿ ಒಂದು ಪೂರ್ತಿ ಬಕೀಟು ನೀರನ್ನು ಅತ್ತೆ ತಮ್ಮ ಕೈಯಾರೆ ನನ್ನ ತಲೆಗೆ ಹೊಯ್ದರು, ರಾಮಸಂದ್ರದ ಶಾನುಭೋಗರ ಮನೆಯ ಸೊಸೆಯ ಸಾವಿಗೆ. ತಲೆ ಒರೆಸಿಕೊಂಡು ಬಂದಾಗ ದೇವರ ಮುಂದೆ ದೀಪ ಹಚ್ಚಿದ್ದರು. ತಟ್ಟೆಗೆ ಅನ್ನ ಹಾಕಿ ಎದುರಿಗೆ ಕೂತು, ‘ಮಗು ಉಳೀತಾ?’ ಎಂದು ಕೇಳಿದರು. ‘ಒಬ್ಬ ಉಳಿದ. ವಿಶ್ವ ಅಂತ. ಮಹಾದೇವಯ್ಯನವರು ಅಂತ ಒಬ್ರಿದಾರೆ, ಅವ್ರು ಕರ್ಕೊಂಡು ಹೋದ್ರು.’ ಅತ್ತೆ ಉಸಿರು ಬಿಟ್ಟು, ‘ಸದ್ಯ. ಊಟ ಮಾಡು’ ಎಂದರು. ಉಂಡೆ. ಊಟ ಸೇರಿತು.

ಮಾರನೆಯ ದಿನದಿಂದ ಮಧ್ಯಾಹ್ನ ಅವರಿಗೆ ಆ ಪುಸ್ತಕವನ್ನು ಮೊದಲಿನಿಂದ ಓದಿ ಹೇಳಲು ಶುರುಮಾಡಿದೆ. ಕೊನೆಯ ಭಾಗ ಬಂದಾಗ ಇಬ್ಬರೂ ಅತ್ತೆವು, ಇಬ್ಬರೂ ತಲೆಗೆ ನೀರು ಹಾಕಿಕೊಂಡೆವು. 2015ರ ಡಿಸೆಂಬರಿನ ನೆರೆಯಲ್ಲಿ ನಮ್ಮ ಕೆಳಮನೆಗೆ ನೀರು ನುಗ್ಗಿದಾಗ ಆ ಪ್ರತಿ ನೆನೆದು ಇಮ್ಮಡಿ ದಪ್ಪವಾಯಿತು. ಫ್ಯಾನಿನ ಕೆಳಗೆ ಒಣಗಿಸಿ ಇಟ್ಟುಕೊಂಡಿದ್ದೇನೆ. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು.

ಅತ್ತೆ ಮಾಡಿದ್ದು ಅಜ್ಞಾನವೆಂದು ಒಂದು ಕಾಲಕ್ಕೆ ನನಗೂ ಅನ್ನಿಸಿತ್ತು. ಕಥೆಗೂ ನಿಜಕ್ಕೂ ವ್ಯತ್ಯಾಸ ತಿಳಿಯದ ಹಳ್ಳಿಯ ಹೆಂಗಸು ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅವರಿಗೆ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು. ನಂಜಮ್ಮನಿಗೆ ಅವರು ತಿಥಿ ಮಾಡಲಿಲ್ಲ. ಸತ್ತವಳು ಕಥೆಯವಳಾದರೂ ಅಳುತ್ತಿರುವವಳು ನಿಜ ಎಂದು ಕಂಡುಕೊಂಡರು, ಆ ಅಳುವಿಗೆ ಏನು ಮಾಡಬೇಕೋ ಅದನ್ನು ಮಾಡಿದರು. ಅಷ್ಟಕ್ಕೂ, ಭೈರಪ್ಪನವರು ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಅವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಅದು ಗೊತ್ತು. ಅವರ ಹುಟ್ಟೂರು ಸಂತೇಶಿವರದಲ್ಲಿ ಒಬ್ಬ ಹುಡುಗ ಅತ್ತು ಮುಗಿಸದ ಅಳು ಕಾದಂಬರಿಯಾಗಿ ಅಂಬತ್ತೂರಿನ ಅಡುಗೆಮನೆಗೆ ಬಂದಿತ್ತು. ಅದನ್ನು ‘ಕಥೆ ತಾನೇ’ ಎಂದು ತಳ್ಳಿಹಾಕಲು ನಮಗೆ ಏನು ಹಕ್ಕು?

ಹಾಗೆ ತಳ್ಳಿಹಾಕಿದವರು ನಮ್ಮ ಹಿರಿಯರಲ್ಲ. ಯೋಚಿಸಿ ನೋಡಿ, ನಮ್ಮಲ್ಲಿ ಕಥೆ ಕೇಳುವುದಕ್ಕೆ ಎಷ್ಟು ಕಟ್ಟುಕಟ್ಟಳೆ ಇತ್ತು. ರಾಮಾಯಣ ಓದುವಾಗ ಆಂಜನೇಯ ಬಂದು ಕೂರಲೆಂದು ಒಂದು ಮಣೆ ಹಾಕುತ್ತಾರೆ. ಪಾರಾಯಣವನ್ನು ಪಟ್ಟಾಭಿಷೇಕಕ್ಕೆ ತಂದು ಮುಟ್ಟಿಸಿ, ಆರತಿ ಎತ್ತಿ, ಪಾನಕ ಹಂಚಿ, ಆಮೇಲೇ ಏಳುತ್ತಾರೆ. ಸೀತೆ ಅಶೋಕವನದಲ್ಲಿ ಕೂತಿರುವಾಗ ಪುಸ್ತಕ ಕಟ್ಟಿಟ್ಟು ಮನೆಗೆ ಹೋಗುವವರಿಲ್ಲ. ಮಳೆ ಕೈಕೊಟ್ಟ ವರ್ಷ ಊರವರು ಸೇರಿ ಕುಮಾರವ್ಯಾಸನ ವಿರಾಟಪರ್ವ ಓದಿಸುತ್ತಾರೆ. ಹರಿಕಥೆಯ ದಾಸರು ಮಂಗಳ ಹಾಡದೆ ವೇದಿಕೆ ಇಳಿಯುವುದಿಲ್ಲ. ಯಕ್ಷಗಾನದಲ್ಲಿ ರಾತ್ರಿಯೆಲ್ಲ ತಲೆಗಳುರುಳಿದರೂ ಬೆಳಗಿನ ಜಾವಕ್ಕೆ ಭಾಗವತರು ಮಂಗಳ ಹೇಳಿಯೇ ಮುಗಿಸುತ್ತಾರೆ. ಮಂಗಳವೆಂದರೆ ಕಥೆ ಸುಖವಾಗಿ ಮುಗಿಯಿತೆಂದಲ್ಲ. ಕೇಳಿದವರು ಸುಖವಾಗಿ ಮನೆ ಸೇರಲಿ ಎಂದು.

ನಾವಿರುವ ಈ ತಮಿಳು ನಾಡಿನಲ್ಲಿ ಆ ಕಟ್ಟುಕಟ್ಟಳೆ ಇನ್ನೂ ದೊಡ್ಡದು. ತಿರುವಳ್ಳೂರು, ಕಾಂಚೀಪುರ, ತಿರುವಣ್ಣಾಮಲೈ ಕಡೆಯ ದ್ರೌಪದಿಯಮ್ಮನ ಗುಡಿಗಳಲ್ಲಿ ಬೇಸಿಗೆಯಲ್ಲಿ ಮಹಾಭಾರತದ ಹಬ್ಬ ನಡೆಯುತ್ತದೆ. ಹಗಲು ಭಾರತದ ಪ್ರಸಂಗ ಹೇಳುತ್ತಾರೆ, ರಾತ್ರಿ ತೆರುಕ್ಕೂತ್ತು ಆಡುತ್ತಾರೆ. ದಿನಗಟ್ಟಲೆ ಇಡೀ ಊರು ಕಥೆಯೊಳಗೇ ಇರುತ್ತದೆ. ಕೊನೆಯ ದಿನ ಪಡುಕಳಂ. ಬಯಲಿನಲ್ಲಿ ಮಣ್ಣಿನಿಂದ ದುರ್ಯೋಧನನನ್ನು ಮಾಡಿ ಮಲಗಿಸುತ್ತಾರೆ, ಆಳುದ್ದಕ್ಕೆ ಎಷ್ಟೋ ಪಾಲು ದೊಡ್ಡವನು. ಭೀಮ ಅವನ ತೊಡೆ ಮುರಿಯುತ್ತಾನೆ, ದ್ರೌಪದಿ ಬಿಚ್ಚಿದ್ದ ಮುಡಿಯನ್ನು ಕಟ್ಟುತ್ತಾಳೆ. ಅಲ್ಲಿಗೇ ಮುಗಿಯುವುದಿಲ್ಲ. ಆಮೇಲೆ ಆ ಮಣ್ಣಿನ ದುರ್ಯೋಧನನಿಗೆ ಒಪ್ಪಾರಿ ಹೇಳಿ ಅಳುತ್ತಾರೆ, ಸ್ವಂತ ಮನೆಯ ಸಾವಿಗೆ ಎದೆ ಬಡಿದುಕೊಂಡು ಅತ್ತಂತೆ. ಅವನು ಗೆದ್ದವರ ಪಕ್ಷದವನಲ್ಲ, ಒಳ್ಳೆಯವನೂ ಅಲ್ಲ. ಆದರೂ ಅಷ್ಟು ದಿನ ಅವನ ಮಾತು ಕೇಳಿದ್ದಾರೆ, ಅವನ ಜೊತೆ ರಾತ್ರಿ ಕಳೆದಿದ್ದಾರೆ. ಅಳದೆ ಕಳಿಸುವುದು ಹೇಗೆ? ಅತ್ತಾದ ಮೇಲೆ ಕೆಂಡ ಹಾಯುತ್ತಾರೆ, ಧರ್ಮರಾಯನ ಪಟ್ಟಾಭಿಷೇಕ ಮಾಡುತ್ತಾರೆ, ಮನೆಗೆ ಹೋಗುತ್ತಾರೆ.

ಒಮ್ಮೆ ಪಕ್ಕದ ಮನೆಯವರ ಜೊತೆ ಹೋಗಿ ನಾನಿದನ್ನು ನೋಡಿದೆ. ನೋಡುವಾಗ ನನಗೆ ರನ್ನ ನೆನಪಾದ. ಸಾವಿರ ವರ್ಷದ ಹಿಂದೆ ‘ಗದಾಯುದ್ಧ’ದಲ್ಲಿ ಅವನು ದುರ್ಯೋಧನನನ್ನು ಸಾಯಿಸುವ ಮೊದಲು ರಣರಂಗದಲ್ಲಿ ನಡೆಸಿಕೊಂಡು ಹೋಗುತ್ತಾನೆ. ದ್ರೋಣನ ಹೆಣ, ದುಶ್ಶಾಸನನ ಹೆಣ, ಕರ್ಣನ ಹೆಣ. ಒಂದೊಂದರ ಹತ್ತಿರವೂ ನಿಲ್ಲಿಸಿ ಅಳಿಸುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲಿಸಿ ಕೈಮುಗಿಸುತ್ತಾನೆ. ಅದಕ್ಕೂ ಮೊದಲೇ ಪಂಪ ತನ್ನ ಕಾವ್ಯದ ನಾಯಕ ಅರ್ಜುನನಾದರೂ ಕರ್ಣನನ್ನು ಮರೆಯಬೇಡಿ ಎಂದು ಓದುಗರನ್ನು ಕೇಳಿಕೊಂಡಿದ್ದ. ನಮ್ಮ ಆದಿಕವಿಗಳಿಗೆ ಕಥೆಯವರಿಗಾಗಿ ಮರುಗುವುದು ನಾಚಿಕೆಯ ಸಂಗತಿಯಾಗಿರಲಿಲ್ಲ. ಆ ದುಃಖಕ್ಕೆ ಅವರು ಕಾವ್ಯದೊಳಗೇ ಜಾಗ ಮಾಡಿಕೊಟ್ಟರು.

ಹಾಗಾದರೆ ನಮಗೇಕೆ ಇದು ತಪ್ಪಿಹೋಯಿತು? ನನ್ನ ಯೋಚನೆ ಇಷ್ಟು. ಕನ್ನಡದಲ್ಲಿ ಕಾದಂಬರಿಯೆನ್ನುವುದು ನಿನ್ನೆ ಮೊನ್ನೆಯ ವಸ್ತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ. ಅದಕ್ಕೆ ಮೊದಲು ಕಥೆಯೆಂದರೆ ಹತ್ತು ಜನರ ನಡುವೆ ಕೂತು ಕೇಳುವುದು. ಹೇಳುವವನು ಕಣ್ಣೆದುರಿಗೆ, ಅಳುವವರು ಪಕ್ಕದಲ್ಲಿ. ಕಾದಂಬರಿ ಬಂದಮೇಲೆ ಒಬ್ಬರೇ ಬಾಗಿಲು ಹಾಕಿಕೊಂಡು ಓದುವುದನ್ನು ಕಲಿತೆವು. ಆದರೆ ಮಣೆ, ದೀಪ, ಪಾನಕ, ಮಂಗಳ ಇವು ಆ ಒಂಟಿ ಕೋಣೆಯೊಳಗೆ ಬರಲಿಲ್ಲ. ರಾತ್ರಿ ಒಂದು ಗಂಟೆಗೆ ಕೊನೆಯ ಪುಟ ಮುಗಿಯುತ್ತದೆ. ಅದರ ಮುಂದಿನದು ಬರಿಯ ಬಿಳಿ ಹಾಳೆ. ಬೆಳಗ್ಗೆ ಏಳಕ್ಕೆ ಟ್ರೈನು. ಆ ಹುಡುಗಿಗೆ ಆದದ್ದು ಅದೇ.

ನಡುವೆ ಒಂದು ಕಾಲವಿತ್ತು, ಒಂಟಿಯಾಗಿ ಓದಿದರೂ ಅಷ್ಟು ಒಂಟಿಯಾಗಿರಲಿಲ್ಲ. ವಾರಪತ್ರಿಕೆಯ ಧಾರಾವಾಹಿಯನ್ನು ಇಡೀ ಬೀದಿ ಒಂದೇ ವಾರ ಓದುತ್ತಿತ್ತು, ಬಾವಿಕಟ್ಟೆಯಲ್ಲಿ ಅದೇ ಮಾತು. ಸರ್ಕ್ಯುಲೇಟಿಂಗ್ ಲೈಬ್ರರಿಯ ಒಂದೇ ಪ್ರತಿ ಹತ್ತು ಮನೆ ಸುತ್ತುತ್ತಿತ್ತು. ನನ್ನ ಸೋದರತ್ತೆ ತ್ರಿವೇಣಿಯವರ ‘ಶರಪಂಜರ’ವನ್ನು ಅರ್ಧ ಓದಿದ್ದಾಗಲೇ, ಕಾವೇರಿಗೆ ಗುಣವಾದರೆ ಮಾಲೇಕಲ್ಲು ತಿರುಪತಿಗೆ ಬರುತ್ತೇನೆಂದು ಹರಕೆ ಹೊತ್ತಿದ್ದರು. ಕಾವೇರಿಗೆ ಗುಣವಾಗಲಿಲ್ಲ, ಓದಿದವರಿಗೆಲ್ಲ ಗೊತ್ತಿದೆ. ಆದರೂ ಸೋದರತ್ತೆ ಬೆಟ್ಟ ಹತ್ತಿ, ಕಾಯಿ ಒಡೆಸಿ, ಪ್ರಸಾದವನ್ನು ಆ ಪುಸ್ತಕ ಓದಿದ ಎಲ್ಲ ಮನೆಗೂ ಹಂಚಿದರು. ಹಂಚುವಾಗ ಯಾರೂ ‘ಇದೇನು’ ಎಂದು ಕೇಳಲಿಲ್ಲವಂತೆ. ತ್ರಿವೇಣಿ 1963ರ ಜುಲೈ 29ರಂದು, ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡಾಗ ‘ಅವಳ ಮಗಳು’ ಅರ್ಧಕ್ಕೇ ನಿಂತಿತ್ತು. ಎಂ.ಸಿ. ಪದ್ಮ ಅದನ್ನು ಬರೆದು ಮುಗಿಸಿದರು. ಬರೆದವರು ಹೋದರೂ ಕಥೆಯವರನ್ನು ನಡುದಾರಿಯಲ್ಲಿ ಬಿಡಬಾರದೆಂಬ ಆ ಕೆಲಸವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಇದು ನಮ್ಮೂರಿನವರ ಭಾವುಕತೆ ಮಾತ್ರವೂ ಅಲ್ಲ. 1893ರಲ್ಲಿ ಕಾನನ್ ಡಾಯ್ಲ್ ತನ್ನ ಷರ್ಲಾಕ್ ಹೋಮ್ಸ್‌ನನ್ನು ಜಲಪಾತದಲ್ಲಿ ಕೊಂದಾಗ ಓದುಗರು ಬಿಡಲೇ ಇಲ್ಲ. 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು.

ಎದುರು ಮನೆಯ ತಮಿಳು ಅಜ್ಜಿಯ, ನಮ್ಮೆಲ್ಲರ ಪಾಟಿಯ, ಮಾತು ಹೇಳಬೇಕು. ಅವರ ಹತ್ತಿರ ‘ಪೊನ್ನಿಯಿನ್ ಸೆಲ್ವನ್’ ಇದೆ, ಅಂಗಡಿಯಲ್ಲಿ ಕೊಂಡದ್ದಲ್ಲ. 1950ರಿಂದ 1954ರವರೆಗೆ ‘ಕಲ್ಕಿ’ ವಾರಪತ್ರಿಕೆಯಲ್ಲಿ ಬಂದದ್ದನ್ನು ಅವರ ತಾಯಿ ವಾರವಾರ ಬಿಡಿಸಿ ಹೊಲಿದು ಬೈಂಡ್ ಮಾಡಿಸಿಟ್ಟದ್ದು. ತಮಿಳು ಮನೆಗಳಲ್ಲಿ ಹಾಗೆ ಮಾಡಿದವರು ಬಹಳ. ಆ ಕಾದಂಬರಿ ಶುರುವಾಗುವುದು ಆಡಿ ಹದಿನೆಂಟರ ದಿನ, ವೀರನಾರಾಯಣ ಏರಿ ಎಂಬ ಕೆರೆಯ ದಂಡೆಯ ಮೇಲೆ ವಂದಿಯದೇವನ ಕುದುರೆ ಸವಾರಿಯಿಂದ. ಪಾಟಿ ಪ್ರತಿವರ್ಷ ಆಡಿ ಹದಿನೆಂಟಕ್ಕೆ ನಿಂಬೆ, ಹುಣಿಸೆ, ತೆಂಗು, ಮೊಸರು ಎಂದು ನಾಲ್ಕು ಬಗೆಯ ಕಲಸನ್ನ ಮಾಡಿ, ಉಂಡು, ಮೊದಲ ಸಂಪುಟ ತೆರೆಯುತ್ತಾರೆ. ‘ವರುಷಕ್ಕೊಮ್ಮೆ ಅವನು ಬರ್ತಾನೆ, ಊಟಕ್ಕಿಡಬೇಕಲ್ಲಮ್ಮಾ’ ಎನ್ನುತ್ತಾರೆ. ಕೊನೆ ಬರುವಷ್ಟರಲ್ಲಿ ಮಾರ್ಗಳಿಯ ಚಳಿ. ಕೊನೆ ಬಂದರೆ ಅವರಿಗೆ ಖಿನ್ನತೆಯಿಲ್ಲ, ಮತ್ತೆ ಆಡಿ ಬರುತ್ತದೆಂದು ಗೊತ್ತು. ಅವರ ಮೊಮ್ಮಗಳಿಗೆ ಆ ಕಾದಂಬರಿಯ ವಾನತಿಯ ಹೆಸರು. ಆ ವೀರನಾರಾಯಣ ಏರಿಯೇ ಇಂದಿನ ವೀರಾಣಂ. 2004ರಿಂದ ಚೆನ್ನೈಗೆ ಕುಡಿಯುವ ನೀರು ಅಲ್ಲಿಂದಲೂ ಬರುತ್ತದೆ. ಕುಮಾರವ್ಯಾಸ ಕೂತು ಬರೆದನೆನ್ನುವ ಗದುಗಿನ ಗುಡಿಯ ದೇವರೂ ವೀರನಾರಾಯಣನೇ ಎಂದು ನಾನು ಹೇಳಿದಾಗ ಪಾಟಿ ಕೈಮುಗಿದರು.

ಇದನ್ನೆಲ್ಲ ಬರೆದದ್ದು ಹಳೆಯದನ್ನು ಹೊಗಳುವುದಕ್ಕಲ್ಲ. ನಮ್ಮ ಕೂಟದಲ್ಲಿ ಇದಕ್ಕೊಂದು ಜಾಗ ಬೇಕು ಎಂದು ಕೇಳುವುದಕ್ಕೆ. ನಾವು ತಿಂಗಳಿಗೊಮ್ಮೆ ಸೇರಿ ಒಳ್ಳೆಯ ಮಾತುಗಳನ್ನೇ ಆಡುತ್ತೇವೆ: ಪಾತ್ರಪೋಷಣೆ, ಸಾಮಾಜಿಕ ಹಿನ್ನೆಲೆ, ಶೈಲಿ. ಅದು ಇರಲಿ. ಆದರೆ ಯಾರಾದರೂ ಪುಸ್ತಕ ಮುಗಿಸಿ ಭಾರವಾದ ಮನಸ್ಸಿನಿಂದ ಬಂದಿದ್ದರೆ ಮೊದಲು ಅವರ ಮಾತು ಕೇಳೋಣ. ಯಾರು ತೀರಿಕೊಂಡರು, ಹೇಗೆ, ಉಳಿದವರು ಯಾರು ಎಂದು ಕೇಳೋಣ. ನನ್ನ ಅತ್ತೆ ಕೇಳಿದ್ದು ಈ ಮೂರೇ ಪ್ರಶ್ನೆ. ವಿಮರ್ಶೆ ಊಟವಾದ ಮೇಲೆ.

ಮನೆಯಲ್ಲಿ ಒಬ್ಬರೇ ಇರುವವರಿಗೆ ನಾನು ಮಾಡಿಕೊಂಡು ಬಂದ ರೂಢಿಯನ್ನು ಹೇಳುತ್ತೇನೆ. ಕೊನೆಯ ಪುಟ ಓದಿದ ಕೂಡಲೇ ಪುಸ್ತಕ ಮುಚ್ಚಿ ಮಲಗಬೇಡಿ. ಹಿಂದಕ್ಕೆ ಹೋಗಿ, ಆ ಮನುಷ್ಯರು ನೆಮ್ಮದಿಯಾಗಿದ್ದ ಒಂದು ಅಧ್ಯಾಯ ಹುಡುಕಿ, ಅದನ್ನು ಗಟ್ಟಿಯಾಗಿ ಓದಿ. ನಂಜಮ್ಮ ಎಲೆ ಹಚ್ಚುತ್ತ ಕೂತಿರುವ ಪುಟಕ್ಕೆ ನಾನು ಹೋಗುತ್ತೇನೆ; ಅಲ್ಲಿ ಆಕೆ ಬದುಕಿದ್ದಾಳೆ, ಮಕ್ಕಳು ಸುತ್ತ ಇದ್ದಾರೆ. ಪಾರಾಯಣದವರು ಪಟ್ಟಾಭಿಷೇಕ ಓದುವುದು ಇದಕ್ಕೇ ಇರಬೇಕು. ಆಮೇಲೆ ಮುಖ ತೊಳೆದು, ದೀಪ ಹಚ್ಚುವವರು ದೀಪ ಹಚ್ಚಿ, ಹಚ್ಚದವರು ಒಂದು ಲೋಟ ಬಿಸಿಹಾಲು ಕುಡಿದು ಮಲಗಿ. ಮಾರನೆಯ ದಿನ ಆ ಕಥೆಯವರು ಉಣ್ಣುತ್ತಿದ್ದ ಏನಾದರೊಂದನ್ನು ಮಾಡಿ, ಇನ್ನೊಬ್ಬರಿಗೂ ಕೊಡಿ. ಯಾಕೆ ಕೊಟ್ಟೆವೆಂದು ಹೇಳಿ. ಕೊಡುವುದೂ ಹೇಳುವುದೂ ಮುಖ್ಯ, ಸೋದರತ್ತೆಯ ಪ್ರಸಾದ ಕೆಲಸ ಮಾಡಿದ್ದು ಕೈಯಿಂದ ಕೈಗೆ ಹೋದದ್ದರಿಂದ.

ಕೆಲವರಿಗೆ ಪ್ರಯಾಣ ಬೇಕಾಗುತ್ತದೆ. ಕುಪ್ಪಳಿಗೆ ಹೋಗಿ ಕವಿಮನೆಯ ತೊಟ್ಟಿಯಲ್ಲಿ ಕೂತು ಬಂದವರು, ತೇಜಸ್ವಿಯವರ ಮಂದಣ್ಣನನ್ನು ನೆನೆಸಿಕೊಂಡು ಮೂಡಿಗೆರೆಯ ಕಾಫಿ ತೋಟಗಳ ನಡುವೆ ಸುಮ್ಮನೆ ಅಡ್ಡಾಡಿ ಬಂದವರು ನಮ್ಮಲ್ಲೇ ಇದ್ದಾರೆ. ಹೋಗಿಬಂದವರನ್ನು ಕೇಳಿ, ಏನೋ ಇಳಿದಂತಾಯಿತು ಎನ್ನುತ್ತಾರೆ.

ಕೆಲವು ದುಃಖಕ್ಕೆ ಇದಾವುದೂ ಸಾಲುವುದಿಲ್ಲ, ಅದನ್ನೂ ಹೇಳುತ್ತೇನೆ. ಕಾರಂತರ ‘ಬೆಟ್ಟದ ಜೀವ’ವನ್ನು ನಮ್ಮ ಕೂಟದ ಹಿರಿಯರೊಬ್ಬರು ಮೂರು ಸಲ ಕೈಗೆತ್ತಿಕೊಂಡು ಮೂರು ಸಲವೂ ನಡುವೆ ಬಿಟ್ಟರು. ಗೋಪಾಲಯ್ಯ, ಶಂಕರಿ ಮನೆಬಿಟ್ಟು ಹೋದ ಮಗ ಶಂಭುವಿಗಾಗಿ ಕಾಯುವುದನ್ನು ಅವರಿಗೆ ಓದಲಾಗಲಿಲ್ಲ. ಅವರ ಮಗ ಅಮೆರಿಕದಲ್ಲಿದ್ದಾನೆ, ಫೋನು ಮಾಡಿ ಬಹಳ ದಿನವಾಗಿತ್ತು. ಅಂಥವರ ಅಳು ಪುಸ್ತಕದ ಬಾಗಿಲ ಮೂಲಕ ಬಂದ ಬೇರೆಯ ಅಳು. ವಾರಗಟ್ಟಲೆ ಊಟ ನಿದ್ದೆ ಬಿಟ್ಟವರನ್ನು ದೀಪ ಹಚ್ಚಿ ಎಂದು ಕಳಿಸಿಬಿಡುವುದು ಸರಿಯಲ್ಲ. ಮನೆಗೆ ಹೋಗಿ ಪಕ್ಕದಲ್ಲಿ ಕೂರಬೇಕು, ಬೇಕಾದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಆ ಹಿರಿಯರ ಮನೆಗೆ ಇಬ್ಬರು ಹೋಗಿ, ಅವರೆದುರು ಕೂತು, ಸರದಿಯಂತೆ ಕೊನೆಯವರೆಗೆ ಓದಿದರು. ನಡುನಡುವೆ ಅವರು ಗೋಪಾಲಯ್ಯನ ಮಾತಿಗಿಂತ ಮಗನ ಮಾತೇ ಹೆಚ್ಚು ಆಡಿದರಂತೆ. ಓದು ಮುಗಿದ ರಾತ್ರಿ ಅವರೇ ಮಗನಿಗೆ ಫೋನು ಮಾಡಿದರು.

ಇನ್ನೊಂದು ವಿಷಯ ಹೇಳಿ, ಕೇಳಬೇಕಾದ್ದನ್ನು ಕೇಳುತ್ತೇನೆ.

ನಮಗೆಲ್ಲ ಕಥೆಯವರಿಗಾಗಿ ಅಳುವುದನ್ನು ಮೊದಲು ಕಲಿಸಿದ್ದು ಗೋವಿನ ಹಾಡು. ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಟಾಗ ಅಳದ ಕನ್ನಡದ ಮಗು ಇಲ್ಲ. ಹುಲಿ ಪ್ರಾಣ ಬಿಟ್ಟಾಗ ಕೆಲವು ಮಕ್ಕಳು ಅದಕ್ಕೂ ಅಳುತ್ತವೆ. ನನ್ನ ಮಗ ಅತ್ತಿದ್ದ. ಶಾಲೆಯಲ್ಲಿ ನಾವು ಹಾಡನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆವು, ಹುಲಿಯ ಹೆಣದ ಹತ್ತಿರ. ನನ್ನ ಮಕ್ಕಳಿಗೂ ಹಾಗೇ ಹೇಳಿಕೊಟ್ಟೆ. ಎಷ್ಟೋ ವರ್ಷದ ಮೇಲೆ ಪೂರ್ತಿ ಹಾಡು ಕೈಗೆ ಬಂದಾಗ ಗೊತ್ತಾಯಿತು, ಅದು ಅಲ್ಲಿಗೆ ಮುಗಿಯುವುದೇ ಇಲ್ಲ. ಪುಣ್ಯಕೋಟಿ ದೊಡ್ಡಿಗೆ ಮರಳುತ್ತದೆ. ಮೊದಲು ಕರುವಿಗೆ ಹಾಲುಣಿಸುತ್ತದೆ. ಆಮೇಲೆ ಗೊಲ್ಲನನ್ನು ಕರೆದು, ನಿನ್ನ ವಂಶದವರೂ ನನ್ನ ವಂಶದವರೂ ಪ್ರತಿ ಸಂಕ್ರಾಂತಿಗೆ ದೇವರನ್ನು ಭಜಿಸಬೇಕು ಎಂದು ಹೇಳುತ್ತದೆ. ಹೆಸರು ತಿಳಿಯದ ಆ ಜನಪದ ಕವಿ ಅಳುತ್ತಿರುವ ಮಗುವನ್ನು ಕಾಡಿನಲ್ಲಿ ಬಿಟ್ಟು ಹೋಗಲಿಲ್ಲ. ಮನೆಗೆ ಕರೆತಂದ, ಹಾಲು ಕುಡಿಸಿದ, ವರ್ಷಕ್ಕೊಮ್ಮೆ ನೆನೆಯಲು ಒಂದು ದಿನ ಗೊತ್ತುಮಾಡಿಕೊಟ್ಟ. ನಾವು ಆ ಭಾಗವನ್ನೇ ಬಿಟ್ಟುಬಿಟ್ಟೆವು.

ನಮ್ಮ ಕಡೆ ಸಂಕ್ರಾಂತಿಗೆ ಹಸುಗಳನ್ನು ತೊಳೆದು, ಸಿಂಗರಿಸಿ, ಸಂಜೆ ಕಿಚ್ಚು ಹಾಯಿಸುತ್ತಾರೆ. ಇಲ್ಲಿ ಪೊಂಗಲ್‌ನ ಮಾರನೆಯ ದಿನ ಮಾಟ್ಟುಪ್ಪೊಂಗಲ್, ಹಸುಗಳದೇ ಹಬ್ಬ. ಈ ಸಲ ಅದು ಜನವರಿ 16ಕ್ಕೆ ಬರುತ್ತದೆ. ಎಸ್ಟೇಟಿಗೆ ರಜೆ, ಸಿ.ಟಿ.ಎಚ್. ರಸ್ತೆಯೂ ಅಂದು ಖಾಲಿ. ಸಂಜೆ ಐದಕ್ಕೆ ಅದೇ ತಾರಸಿಯ ಮೇಲೆ ಸೇರಿ ಗೋವಿನ ಹಾಡನ್ನು ಮೊದಲಿನಿಂದ ಕೊನೆಯವರೆಗೆ, ಕರು ಹಾಲು ಕುಡಿಯುವವರೆಗೆ, ಹಾಡಿ ಮುಗಿಸೋಣ. ಎಳ್ಳು ಬೆಲ್ಲ ನಾನು ತರುತ್ತೇನೆ. ಪಾಟಿ ಚಕ್ಕರೈ ಪೊಂಗಲ್ ಮಾಡಿಕೊಡುವುದಾಗಿ ಒಪ್ಪಿದ್ದಾರೆ. ಮಕ್ಕಳನ್ನು ಕರೆತನ್ನಿ. ನಿಮ್ಮನ್ನು ಅಳಿಸಿದ ಒಂದು ಪುಸ್ತಕವನ್ನೂ ತನ್ನಿ. ಅದರಲ್ಲಿ ಅವರೆಲ್ಲ ನೆಮ್ಮದಿಯಾಗಿದ್ದ ಒಂದು ಪುಟ ಗುರುತು ಮಾಡಿಕೊಂಡು ಬನ್ನಿ, ಸರದಿಯಂತೆ ಓದೋಣ.

ಪಟ್ಟರವಾಕ್ಕಂನ ನಮ್ಮ ಹುಡುಗಿಗೂ ಈ ಪತ್ರ ತಲುಪುತ್ತದೆಂದು ನಂಬಿದ್ದೇನೆ. ಮಗಳೇ, ಅವತ್ತು ನಾನು ಮಾತಾಡಬೇಕಿತ್ತು, ಆಡಲಿಲ್ಲ; ಕ್ಷಮಿಸು. ನೀನು ಬಾ. ನೀರಿನಲ್ಲಿ ನೆನೆದು ದಪ್ಪವಾದ ನನ್ನ ‘ಗೃಹಭಂಗ’ವನ್ನು ತರುತ್ತೇನೆ. ನಂಜಮ್ಮ ಎಲೆ ಹಚ್ಚುವ ಪುಟವನ್ನು ನೀನೇ ಓದಬೇಕು.

ನಿಮ್ಮ ನಡುವಿನ ಒಬ್ಬ ಓದುಗಾರ್ತಿ
ಅಂಬತ್ತೂರು